ವಕೀಲರನ್ನು ಕೇಳಿ: ಕಾಯ್ದೆಗೆ ಅರ್ಥ ಹೇಳುವಾಗ ಅದರ ಹೊರಗಿನ ಕಾಗದ ಎಷ್ಟು ನಡೆಯುತ್ತದೆ?

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ಇವತ್ತಿನ ಪ್ರಶ್ನೋತ್ತರಕ್ಕೆ ವಕೀಲರ ಮೇಡಂ ಒಪ್ಪಿ ಬಂದಿದ್ದಾರೆ. ವಿಷಯ ಇಷ್ಟು: ಸೆಕ್ಷನ್ ಒಂದರ ಅರ್ಥದ ಬಗ್ಗೆ ಜಗಳ ಬಂದಾಗ ಮಸೂದೆಯ ಉದ್ದೇಶಗಳ ಹೇಳಿಕೆ, ಸದನದ ಭಾಷಣ, ಸಮಿತಿ ವರದಿ, ನಿಘಂಟು, ಸುತ್ತೋಲೆ ಇವನ್ನೆಲ್ಲ ಕೋರ್ಟು ನೋಡುತ್ತದೆಯೇ, ನೋಡಿದರೆ ಎಷ್ಟರ ಮಟ್ಟಿಗೆ? ಒಬ್ಬರಿಗೆ ಒಂದೇ ಪ್ರಶ್ನೆ. ಫಾರ್ವರ್ಡ್ ಹಾಕಬೇಡಿ, ಹಾಕಿದರೆ ಡಿಲೀಟ್.

ಕರಿಕೋಟು ಕನಸು: ಮೇಡಂ, ನಾನು ಮೂರನೇ ವರ್ಷದ ಎಲ್‌ಎಲ್‌ಬಿ. ಪೀಠಿಕೆ, ಸೆಕ್ಷನ್ನಿನ ತಲೆಬರಹ, ದೃಷ್ಟಾಂತ ಇವು ಕಾಯ್ದೆಯ ಒಳಗಿನವೋ ಹೊರಗಿನವೋ? ಉದ್ದೇಶಗಳ ಹೇಳಿಕೆ ಯಾವ ಕಡೆ? ನೋಟ್ಸಿನಲ್ಲಿ ಒಂದೊಂದು ಕಡೆ ಒಂದೊಂದು ಥರ ಇದೆ.

ವಕೀಲರು: ಮೊದಲು ಹೇಳಿದ ಮೂರೂ ಒಳಗಿನವು. ಉದ್ದೇಶ ಮತ್ತು ಕಾರಣಗಳ ಹೇಳಿಕೆ ಹೊರಗಿನದು. ಅದು ಮಸೂದೆಯ ಬೆನ್ನಿಗೆ ಅಂಟಿಕೊಂಡು ಬರುತ್ತದೆ ನಿಜ, ಆದರೆ ಸದನ ಅದರ ಮೇಲೆ ಮತ ಹಾಕುವುದಿಲ್ಲ. 1952ರ ಅಶ್ವಿನಿ ಕುಮಾರ್ ಘೋಷ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಅದನ್ನು ಹತ್ತಿರಕ್ಕೇ ಸೇರಿಸಲಿಲ್ಲ. ಮಸೂದೆ ತಂದವರ ಮನಸ್ಸಿನಲ್ಲಿದ್ದದ್ದೇ ಅದನ್ನು ಪಾಸು ಮಾಡಿದವರ ಮನಸ್ಸಿನಲ್ಲೂ ಇತ್ತು ಅನ್ನುವ ಹಾಗಿಲ್ಲ, ನಡುವೆ ಮಸೂದೆಯ ರೂಪವೇ ಬದಲಾಗಿರಬಹುದು ಎಂಬುದು ಕಾರಣ. 1954ರ ಸುಬೋಧ್ ಗೋಪಾಲ್ ಬೋಸ್ ಪ್ರಕರಣದಲ್ಲಿ ಸ್ವಲ್ಪ ಸಡಿಲವಾಯಿತು. ಆಗಿನ ಪರಿಸ್ಥಿತಿ ಏನಿತ್ತು, ಯಾವ ಕೇಡು ಸರಿಪಡಿಸಲು ಹೊರಟರು ಎಂದು ತಿಳಿಯುವಷ್ಟಕ್ಕೆ ನೋಡಬಹುದು ಎಂದಾಯಿತು. ಇವತ್ತಿಗೂ ಬಹುಮಟ್ಟಿಗೆ ಅಲ್ಲೇ ಇದ್ದೇವೆ.

ಈ ‘ಕೇಡು ಯಾವುದು’ ಎಂಬ ಪ್ರಶ್ನೆ 1584ರ ಹೇಡನ್ ಪ್ರಕರಣದ್ದು. ಕಾಯ್ದೆಗೆ ಮುಂಚೆ ಕಾನೂನು ಹೇಗಿತ್ತು, ಅದರಲ್ಲಿ ಯಾವ ಕೊರತೆ ಇತ್ತು, ಅದಕ್ಕೆ ಏನು ಮದ್ದು ಕೊಟ್ಟರು, ಆ ಮದ್ದು ಯಾಕೆ. ನಮ್ಮಲ್ಲಿ 1955ರ ಬೆಂಗಾಲ್ ಇಮ್ಯುನಿಟಿ ತೀರ್ಪು ಇದನ್ನೇ ಎತ್ತಿಕೊಂಡಿತು. ಪರೀಕ್ಷೆಗೆ ಇಷ್ಟು ಸಾಕು.

ನಿವೃತ್ತ ಮೇಷ್ಟ್ರು: ಸಂವಿಧಾನ ಸಭೆಯ ಚರ್ಚೆಗಳು ಸಂಪುಟಗಟ್ಟಲೆ ಅಚ್ಚಾಗಿವೆ. ಬರೆದವರೇ ಏನು ಹೇಳಿದರೆಂದು ಕಣ್ಣೆದುರಿಗೇ ಇರುವಾಗ ನ್ಯಾಯಾಧೀಶರು ಬೇರೆ ಅರ್ಥ ಹುಡುಕುವುದೇಕೆ? ಇದು ನನಗೆ ಬಹಳ ವರ್ಷದ ಸಂಶಯ.

ವಕೀಲರು: ಒಳ್ಳೆಯ ಪ್ರಶ್ನೆ ಮೇಷ್ಟ್ರೇ. ‘ಬರೆದವರು’ ಯಾರು ಎನ್ನುವುದೇ ತೊಡಕು. 1952ರಲ್ಲಿ ತಿರುವಾಂಕೂರು-ಕೊಚ್ಚಿನ್ ರಾಜ್ಯ ಮತ್ತು ಬಾಂಬೆ ಕಂಪನಿ ನಡುವಿನ ಪ್ರಕರಣದಲ್ಲಿ ಆಗಿನ ಮುಖ್ಯ ನ್ಯಾಯಮೂರ್ತಿ ಪತಂಜಲಿ ಶಾಸ್ತ್ರಿಗಳು ಹೇಳಿದ್ದು ಇದು: ಭಾಷಣ ಮಾಡಿದವರ ಮನಸ್ಸು ಭಾಷಣದಿಂದ ತಿಳಿಯಬಹುದು, ಬಾಯಿ ಬಿಡದೆ ಕೈ ಎತ್ತಿದ ಬಹುಮತದ ಮನಸ್ಸು ತಿಳಿಯದು. ಅದಕ್ಕೂ ಮುಂಚೆ, 1950ರ ಎ.ಕೆ. ಗೋಪಾಲನ್ ಪ್ರಕರಣದಲ್ಲೂ ಸದಸ್ಯರ ಭಾಷಣಗಳನ್ನು ಅರ್ಥ ಹೇಳಲು ಬಳಸಲಿಲ್ಲ.

ಆದರೆ ಕಟ್ಟುನಿಟ್ಟು ಹಾಗೇ ಉಳಿಯಲಿಲ್ಲ. 1992ರ ಇಂದ್ರಾ ಸಾಹ್ನಿ ತೀರ್ಪಿನಲ್ಲಿ ಸರ್ಕಾರಿ ನೌಕರಿಯ ಮೀಸಲಾತಿ ಕುರಿತ 16(4)ನೇ ವಿಧಿಯ ಹಿನ್ನೆಲೆ ತಿಳಿಯಲು ಅಂಬೇಡ್ಕರ್ ಅವರ ಭಾಷಣವನ್ನು ಓದಿದ್ದಾರೆ. ಈಗಿನ ಸಂವಿಧಾನ ಪೀಠಗಳು (ಐದು ಅಥವಾ ಹೆಚ್ಚು ನ್ಯಾಯಮೂರ್ತಿಗಳ ಪೀಠಗಳು) ಚರ್ಚೆಗಳನ್ನು ಧಾರಾಳವಾಗಿ ಉಲ್ಲೇಖಿಸುತ್ತವೆ. ಉಲ್ಲೇಖಿಸುವುದು ಬೇರೆ, ಅದಕ್ಕೆ ಕಟ್ಟುಬೀಳುವುದು ಬೇರೆ.

ಜನಸಾಮಾನ್ಯ: ‘ಸಚಿವರು ಸದನದಲ್ಲಿ ಆಡಿದ ಮಾತೇ ಕಾನೂನು. ಆ ವಿಡಿಯೋ ತೋರಿಸಿದರೆ ಯಾವ ಅಧಿಕಾರಿಯೂ ಇಲ್ಲ ಅನ್ನುವಂತಿಲ್ಲ. ಸುಪ್ರೀಂ ಕೋರ್ಟ್ ಆದೇಶ. ಎಲ್ಲರಿಗೂ ತಲುಪಿಸಿ.’ ಇದು ನಿಜವೇ ಮೇಡಂ?

ವಕೀಲರು: ಸುಳ್ಳು.

ದೊಡ್ಡಮಗಳು: ನಮಸ್ತೆ ಮೇಡಂ. ನನ್ನ ಅಮ್ಮ 2021ರಲ್ಲಿ ತಮ್ಮನ ಹೆಸರಿಗೆ ಮನೆಯನ್ನು ದಾನಪತ್ರ ಮಾಡಿಕೊಟ್ಟರು. ಆಗ ಅವರಿಗೆ 67. ಈಗ ತಮ್ಮ ಅವರನ್ನು ಸರಿಯಾಗಿ ನೋಡಿಕೊಳ್ಳುತ್ತಿಲ್ಲ, ಮನೆ ಬಿಡಿ ಅಂತಲೂ ಅನ್ನುತ್ತಾನೆ. ದಾನಪತ್ರದಲ್ಲಿ ‘ಪ್ರೀತಿ ವಿಶ್ವಾಸದಿಂದ’ ಅಂತ ಮಾತ್ರ ಇದೆ, ನೋಡಿಕೊಳ್ಳಬೇಕು ಅಂತ ಷರತ್ತು ಇಲ್ಲ. ಪರಿಚಯದವರೊಬ್ಬರು ಹಿರಿಯ ನಾಗರಿಕರ ಕಾಯ್ದೆಯ ಉದ್ದೇಶಗಳ ಹೇಳಿಕೆಯನ್ನೂ ಸಚಿವರ ಭಾಷಣವನ್ನೂ ಪ್ರಿಂಟ್ ತೆಗೆದು ಕೊಟ್ಟಿದ್ದಾರೆ. ಇದನ್ನು ಎಸಿ (ಉಪವಿಭಾಗಾಧಿಕಾರಿ) ಅವರ ಮುಂದಿಟ್ಟರೆ ದಾನಪತ್ರ ರದ್ದಾಗುತ್ತದೆ, ವಕೀಲರೇ ಬೇಡ ಅಂದರು. ಮುಂದಿನ ವಾರ ಅರ್ಜಿ ಹಾಕುವವರಿದ್ದೇವೆ. ಸಾಕಾಗುತ್ತಾ?

ವಕೀಲರು: ಅರ್ಜಿ ಹಾಕುವ ಮೊದಲು ಕೇಳಿದ್ದು ಒಳ್ಳೆಯದಾಯಿತು. ಸ್ವಲ್ಪ ಉದ್ದ ಬರೆಯುತ್ತೇನೆ, ಅಮ್ಮನಿಗೂ ಓದಿ ಹೇಳಿ.

ನೀವು ಹೇಳುತ್ತಿರುವುದು 2007ರ ಪೋಷಕರ ಮತ್ತು ಹಿರಿಯ ನಾಗರಿಕರ ಕಾಯ್ದೆಯ 23ನೇ ಸೆಕ್ಷನ್. ಅದರ ಮಾತು ಹೀಗಿದೆ: ಹಿರಿಯ ನಾಗರಿಕರು ಕಾಯ್ದೆ ಜಾರಿಗೆ ಬಂದ ಮೇಲೆ ದಾನವಾಗಿಯೋ ಬೇರೆ ರೀತಿಯಲ್ಲೋ ಆಸ್ತಿಯನ್ನು ವರ್ಗಾಯಿಸಿರಬೇಕು, ಪಡೆದವರು ಅವರ ಮೂಲ ಸೌಕರ್ಯ, ದೈಹಿಕ ಅಗತ್ಯಗಳನ್ನು ನೋಡಿಕೊಳ್ಳಬೇಕು ಎಂಬ ಷರತ್ತಿಗೆ ಒಳಪಟ್ಟು ವರ್ಗಾಯಿಸಿರಬೇಕು, ಪಡೆದವರು ಅದನ್ನು ಮಾಡದೆ ಹೋಗಿರಬೇಕು. ಆಗ ಆ ವರ್ಗಾವಣೆ ಮೋಸದಿಂದಲೋ ಒತ್ತಾಯದಿಂದಲೋ ಆಯಿತೆಂದು ಭಾವಿಸಿ, ಕೊಟ್ಟವರು ಬಯಸಿದರೆ ಟ್ರಿಬ್ಯುನಲ್, ಅಂದರೆ ನೀವು ಹೇಳಿದ ಎಸಿ ಅವರ ಪೀಠ, ಅದನ್ನು ಶೂನ್ಯ ಎಂದು ಸಾರಬಹುದು. ವಯಸ್ಸು, ದಿನಾಂಕ ಎರಡೂ ನಿಮಗೆ ಸರಿಹೋಗುತ್ತವೆ. ಉಳಿದದ್ದು ‘ಷರತ್ತಿಗೆ ಒಳಪಟ್ಟು’ ಎಂಬುದು. ಇಡೀ ಪ್ರಕರಣ ಅದರ ಮೇಲೆ ನಿಲ್ಲುತ್ತದೆ ಅಥವಾ ಬೀಳುತ್ತದೆ.

ಈಗ ನಿಮ್ಮ ಕೈಯಲ್ಲಿರುವ ಪ್ರಿಂಟ್. ಉದ್ದೇಶಗಳ ಹೇಳಿಕೆಯಲ್ಲಿ ಏನಿದೆ? ಅವಿಭಕ್ತ ಕುಟುಂಬ ಸಡಿಲವಾಗಿ ವಯಸ್ಸಾದವರನ್ನು ನೋಡಿಕೊಳ್ಳುವವರಿಲ್ಲದಂತಾಗಿದೆ, ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಜೀವನಾಂಶ ಕೇಳುವ ದಾರಿ ಇದ್ದರೂ ಅದಕ್ಕೆ ಕಾಲ, ಖರ್ಚು ಎರಡೂ ಹೆಚ್ಚು, ಆದ್ದರಿಂದ ಸರಳವಾದ, ಬೇಗ ಮುಗಿಯುವ ವ್ಯವಸ್ಥೆ ಬೇಕು ಎಂದಿದೆ. ಸರಿ. ಕೇಡು ಯಾವುದು ಎಂದು ಅದು ಹೇಳಿತು. ಷರತ್ತು ಬೇಡ ಎಂದು ಎಲ್ಲಾದರೂ ಹೇಳಿತೇ? ಇಲ್ಲ. ಸೆಕ್ಷನ್ನಿನ ಮಾತು ಎರಡು ಅರ್ಥಕ್ಕೆ ಎಳೆದಾಡುವಂತಿದ್ದರೆ ಹೊರಗಿನ ಕಾಗದ ಒಂದರ ಕಡೆಗೆ ಭಾರ ಹಾಕಬಹುದು. ಸೆಕ್ಷನ್ನಿನಲ್ಲಿ ಇರುವ ಮಾತನ್ನು ಅಳಿಸಿಹಾಕುವ ಶಕ್ತಿ ಅದಕ್ಕಿಲ್ಲ. ನಿಮ್ಮ ಪರಿಚಯದವರು ಅಳಿಸಲು ಹೊರಟಿದ್ದಾರೆ. ಎದುರು ಪಕ್ಷ ಆ ಸೆಕ್ಷನ್ನಿನ ತಲೆಬರಹವನ್ನೇ ತೋರಿಸುತ್ತದೆ, ಅಲ್ಲೂ ‘ಕೆಲವು ಸಂದರ್ಭಗಳಲ್ಲಿ’ ಶೂನ್ಯ ಎಂದಿದೆ. ಎಲ್ಲ ಸಂದರ್ಭದಲ್ಲಿ ಅಲ್ಲ.

ಸುಪ್ರೀಂ ಕೋರ್ಟಿನ ಎರಡು ತೀರ್ಪುಗಳನ್ನು ಜತೆಗಿಟ್ಟು ಓದಬೇಕು. 2022ರ ಸುದೇಶ್ ಛಿಕಾರಾ ಪ್ರಕರಣದಲ್ಲಿ ಇಂಥ ಷರತ್ತು ಇತ್ತೆಂದು ಹೇಳಿಯೂ ಇರಲಿಲ್ಲ, ರುಜುವಾತೂ ಆಗಿರಲಿಲ್ಲ. ವರ್ಗಾವಣೆಯನ್ನು ಶೂನ್ಯ ಮಾಡಿದ್ದು ತಪ್ಪೆಂದಾಯಿತು. ಮಕ್ಕಳಿಗೆ ಪ್ರೀತಿಯಿಂದ ಕೊಟ್ಟದ್ದೆಲ್ಲ ತಾನೇ ತಾನಾಗಿ ಷರತ್ತಿನ ದಾನವಾಗುವುದಿಲ್ಲ ಎಂಬುದು ಅದರ ತಿರುಳು. 2025ರ ಜನವರಿಯ ಊರ್ಮಿಳಾ ದೀಕ್ಷಿತ್ ಪ್ರಕರಣದಲ್ಲಿ ಕೋರ್ಟು ಕಾಯ್ದೆಯ ಉದ್ದೇಶವನ್ನು ಹಿಡಿದು ಉದಾರವಾಗಿ ಓದಿತು, ತಾಯಿಗೆ ಆಸ್ತಿ ಹಿಂದಿರುಗಿತು. ಇದನ್ನು ಓದಿದವರು ಕುಣಿದಾಡುತ್ತಾರೆ. ಆದರೆ ಅಲ್ಲಿ ದಾನಪತ್ರದಲ್ಲೇ ಮಗ ನೋಡಿಕೊಳ್ಳುತ್ತಾನೆಂಬ ಮಾತಿತ್ತು, ಜತೆಗೆ ಮಗನದೆಂದು ಪ್ರತ್ಯೇಕ ವಚನಪತ್ರವನ್ನೂ ತಾಯಿ ಹಾಜರುಪಡಿಸಿದ್ದರು. ಅಂದರೆ ಉದ್ದೇಶದ ಬಲ ಕೆಲಸ ಮಾಡಿದ್ದು ಹಿಡಿಯಲು ಒಂದು ಕಾಗದ ಇದ್ದದ್ದರಿಂದ. ನಿಮ್ಮ ದಾನಪತ್ರದಲ್ಲಿ ‘ಪ್ರೀತಿ ವಿಶ್ವಾಸ’ ಬಿಟ್ಟು ಏನೂ ಇಲ್ಲ ಎಂದಾದರೆ ನೀವು ಮೊದಲನೇ ತೀರ್ಪಿನ ಹತ್ತಿರ ಇದ್ದೀರಿ.

ಹಾಗಾಗಿ ಭಾಷಣ ಹುಡುಕುವ ಹೊತ್ತನ್ನು ಬೇರೆ ಕಾಗದ ಹುಡುಕಲು ಬಳಸಿ. ದಾನಪತ್ರ ಮಾಡಿದ ದಿನ ಅಥವಾ ಆಸುಪಾಸಿನಲ್ಲಿ ತಮ್ಮ ಏನಾದರೂ ಬರೆದುಕೊಟ್ಟಿದ್ದಾರೆಯೇ? ಮೆಸೇಜು, ಪತ್ರ, ಬೇರೆ ಛಾಪಾ ಕಾಗದ? ಸಾಕ್ಷಿ ಹಾಕಿದವರು ಯಾರು, ಅವರ ಮುಂದೆ ಏನು ಮಾತಾಯಿತು? ಮನೆಯಲ್ಲಿ ತಮ್ಮನ ಹೆಂಡತಿ ಇದ್ದಾರೆಯೇ, ಅವರಿಗೂ ತಮ್ಮನಿಗೂ ಹೇಗಿದೆ?

ಇನ್ನೊಂದು. ದಾನಪತ್ರ ಉಳಿದರೂ ಜೀವನಾಂಶದ ಹಕ್ಕು ಉಳಿದೇ ಇದೆ. ಅದು ಬೇರೆ ಸೆಕ್ಷನ್, ಅದಕ್ಕೆ ಷರತ್ತು ಬೇಕಿಲ್ಲ. ಅದನ್ನು ಎಲ್ಲ ಮಕ್ಕಳಿಂದ ಕೇಳಬಹುದು. ನೀವೂ ಮಗಳೇ, ನೆನಪಿರಲಿ.

ಜನಸಾಮಾನ್ಯ: ಅಂದರೆ ಬಡವರಿಗೆ ನ್ಯಾಯ ಇಲ್ಲ. ಸಚಿವರು ಸದನದಲ್ಲಿ ಹೇಳಿದ್ದಕ್ಕೆ ಬೆಲೆಯೇ ಇಲ್ಲವೇ?

ವಕೀಲರು: ಬೆಲೆ ಇದೆ. ಎಷ್ಟು ಎಂದು ಈಗಷ್ಟೇ ಬರೆದೆ.

ತೆರಿಗೆ ಸಲಹೆಗಾರ: ಮೇಡಂ, ಸಚಿವರ ಭಾಷಣವನ್ನು ಅಷ್ಟು ಹಗುರ ಮಾಡಬೇಡಿ. ಕೆ.ಪಿ. ವರ್ಗೀಸ್ ಪ್ರಕರಣ, 1981. ಆದಾಯ ತೆರಿಗೆ ಕಾಯ್ದೆಯ 52(2) ಸೆಕ್ಷನ್ನಿನ ಅರ್ಥವನ್ನು ಹಣಕಾಸು ಸಚಿವರ ಭಾಷಣ ನೋಡಿಯೇ ಹೇಳಿದ್ದು.

ವಕೀಲರು: ಹೌದು, ಇದನ್ನು ಯಾರಾದರೂ ತರುತ್ತಾರೆಂದು ಕಾಯುತ್ತಿದ್ದೆ. ಗೊತ್ತಿಲ್ಲದವರಿಗಾಗಿ: ವರ್ಗೀಸ್ ತಮ್ಮ ಮನೆಯನ್ನು 1965ರಲ್ಲಿ ಸೊಸೆಗೂ ಮಕ್ಕಳಿಗೂ 16,500 ರೂಪಾಯಿಗೆ ಮಾರಿದರು, ತಾವು ಕೊಂಡದ್ದೂ ಅಷ್ಟಕ್ಕೇ. ಮಾರುಕಟ್ಟೆ ಬೆಲೆ 65,000 ಎಂದು ಅಧಿಕಾರಿ ಹೇಳಿ ವ್ಯತ್ಯಾಸಕ್ಕೆಲ್ಲ ತೆರಿಗೆ ಹಾಕಿದರು. ಸೆಕ್ಷನ್ನನ್ನು ಅಕ್ಷರಶಃ ಓದಿದರೆ ಅಧಿಕಾರಿ ಮಾಡಿದ್ದು ಸರಿ, ಮಾರುಕಟ್ಟೆ ಬೆಲೆ ಮಾರಿದ ಬೆಲೆಗಿಂತ ಶೇಕಡಾ 15ರಷ್ಟು ಮೇಲಿದ್ದರೆ ಸಾಕು. ಆದರೆ ಹಾಗೆ ಓದಿದರೆ ಒಂದು ಕಾಸೂ ಮುಚ್ಚಿಡದವನು ಕೈಗೆ ಬಾರದ ಹಣಕ್ಕೆ ತೆರಿಗೆ ಕಟ್ಟಬೇಕಾಗುತ್ತದೆ. ಈ ಅಸಂಬದ್ಧ ಕಂಡ ಮೇಲೆ ನ್ಯಾಯಮೂರ್ತಿ ಭಗವತಿ ಭಾಷಣ ತೆಗೆದು ನೋಡಿದರು. ಬೆಲೆ ಕಡಿಮೆ ತೋರಿಸಿ ವಂಚಿಸುವವರನ್ನು ಹಿಡಿಯಲು ಈ ತಿದ್ದುಪಡಿ ಎಂದು ಅಲ್ಲಿ ಸಿಕ್ಕಿತು.

ಕ್ರಮ ಗಮನಿಸಿ. ಮೊದಲು ಪದ, ಆಮೇಲೆ ಪದ ತಂದಿಟ್ಟ ಅಸಂಬದ್ಧ, ಆಮೇಲೆ ಭಾಷಣ. ನಮ್ಮವರು ಭಾಷಣದಿಂದ ಶುರು ಮಾಡಿ ಪದದ ಹತ್ತಿರ ಬರುವುದೇ ಇಲ್ಲ.

ಕರಿಕೋಟು ಕನಸು: ಮೇಡಂ, 1998ರ ಪಿ.ವಿ. ನರಸಿಂಹ ರಾವ್ ತೀರ್ಪಿನಲ್ಲೂ ಇದೇ ಇದೆ ಅಲ್ಲವೇ? ಮಸೂದೆ ಮಂಡಿಸಿದ ಸಚಿವರ ಹೇಳಿಕೆಯನ್ನು ಕೇಡು ಮತ್ತು ಉದ್ದೇಶ ತಿಳಿಯಲು ನೋಡಬಹುದು, ಸೆಕ್ಷನ್ನುಗಳಿಗೆ ಅರ್ಥ ಹೇಳಲು ಅಲ್ಲ ಅಂತ.

ತೆರಿಗೆ ಸಲಹೆಗಾರ: ಆ ತೀರ್ಪು 2024ರಲ್ಲೇ ರದ್ದಾಯಿತು ತಮ್ಮಾ. ಏಳು ಜನರ ಪೀಠ. ಪೇಪರ್ ಓದುವುದಿಲ್ಲವೇ?

ಕರಿಕೋಟು ಕನಸು: ಸೀತಾ ಸೊರೇನ್ ಪ್ರಕರಣದಲ್ಲಿ ಹೋದದ್ದು ಲಂಚ ಪಡೆದು ಮತ ಹಾಕಿದ ಸದಸ್ಯರಿಗೆ ರಕ್ಷಣೆ ಎಂಬ ಭಾಗ ಸರ್. ನಾನು ಹೇಳಿದ್ದು ಬೇರೆ ಭಾಗ.

ತೆರಿಗೆ ಸಲಹೆಗಾರ: ಮೂಲವೇ ಹೋದ ಮೇಲೆ ಭಾಗ ಎಲ್ಲಿಂದ ಬಂತು? ಮೊದಲು ಪಾಸಾಗಿ.

ನಿವೃತ್ತ ಮೇಷ್ಟ್ರು: ಹುಡುಗ ಸಭ್ಯವಾಗಿ ಹೇಳುತ್ತಿದ್ದಾನೆ. ಪಾಸು ಫೇಲಿನ ಮಾತು ಇಲ್ಲಿಗೇಕೆ?

ತೆರಿಗೆ ಸಲಹೆಗಾರ: ನಿಮಗೆ ಸಂಬಂಧ ಇಲ್ಲದ್ದು ಮೇಷ್ಟ್ರೇ.

ವಕೀಲರು: ಹುಡುಗ ಹೇಳಿದ್ದು ಸರಿ. ಮುಂದಿನ ಪ್ರಶ್ನೆ.

ಹಸಿರು ಶಾಯಿ: ಇಲಾಖೆಯ ಸುತ್ತೋಲೆ ಸೆಕ್ಷನ್ನಿಗೆ ಒಂದು ಅರ್ಥ ಹೇಳುತ್ತದೆ, ಕೋರ್ಟು ಇನ್ನೊಂದು. ಟೇಬಲ್ಲಿನ ಮೇಲೆ ಕೂತ ಗುಮಾಸ್ತ ಯಾವುದನ್ನು ಪಾಲಿಸಬೇಕು?

ವಕೀಲರು: ಕೋರ್ಟು. 2008ರ ರತನ್ ಮೆಲ್ಟಿಂಗ್ ಪ್ರಕರಣದಲ್ಲಿ ಸಂವಿಧಾನ ಪೀಠವೇ ಹೇಳಿದೆ: ಕಾಯ್ದೆಗೆ ವಿರುದ್ಧವಾದ ಸುತ್ತೋಲೆಗೆ ಕಾನೂನಿನಲ್ಲಿ ಅಸ್ತಿತ್ವವೇ ಇಲ್ಲ. ಅದು ಸರ್ಕಾರ ಕಾಯ್ದೆಯನ್ನು ಹೇಗೆ ಅರ್ಥಮಾಡಿಕೊಂಡಿದೆ ಎಂಬುದರ ಹೇಳಿಕೆ, ಅಷ್ಟೇ.

ತೆರಿಗೆ ಸಲಹೆಗಾರ: ಅರ್ಧ ಸತ್ಯ. ಕೋರ್ಟಿನ ತೀರ್ಪು ಇಲ್ಲದ ಕಡೆ ತೆರಿಗೆ ಮಂಡಳಿಯ ಸುತ್ತೋಲೆ ಅಧಿಕಾರಿಗಳನ್ನು ಕಟ್ಟಿಹಾಕುತ್ತದೆ. 1961ರ ಆದಾಯ ತೆರಿಗೆ ಕಾಯ್ದೆಯಲ್ಲಿ ಇದು 119ನೇ ಸೆಕ್ಷನ್ನಿನಲ್ಲಿತ್ತು.

ವಕೀಲರು: ಅಧಿಕಾರಿಗಳನ್ನು, ಹೌದು. ಕೇಳಿದ್ದು ಕೋರ್ಟು ಬೇರೆ ಹೇಳಿದಾಗ ಏನು ಎಂದು.

ಕುತೂಹಲಿ: ಸರ್ಕಾರದ ಜಾಲತಾಣದಲ್ಲಿರುವ ‘ಪದೇ ಪದೇ ಕೇಳುವ ಪ್ರಶ್ನೆಗಳು’ ಮತ್ತು ಪತ್ರಿಕಾ ಪ್ರಕಟಣೆಗೆ ಎಷ್ಟು ತೂಕ?

ವಕೀಲರು: ಸುತ್ತೋಲೆಗಿಂತ ಕಡಿಮೆ. ಅಡಿಯಲ್ಲಿ ಸಣ್ಣ ಅಕ್ಷರದಲ್ಲಿ ಏನು ಬರೆದಿರುತ್ತಾರೆ ಎಂದೂ ಓದಿ.

ನಿವೃತ್ತ ಮೇಷ್ಟ್ರು: ನಿಘಂಟು? ಅದಕ್ಕಿಂತ ನಿಷ್ಪಕ್ಷಪಾತಿ ಯಾರು?

ವಕೀಲರು: ಪದವನ್ನು ಕಾಯ್ದೆಯೇ ವ್ಯಾಖ್ಯಾನಿಸಿದ್ದರೆ ನಿಘಂಟು ಮುಚ್ಚಿಡಿ. ವ್ಯಾಖ್ಯಾನ ಇಲ್ಲದಿದ್ದರೆ ತೆರೆಯಬಹುದು, ಆದರೆ ಅದು ಎಲ್ಲ ಅರ್ಥಗಳನ್ನೂ ಒಟ್ಟಿಗೆ ಕೊಡುತ್ತದೆ, ಈ ಸೆಕ್ಷನ್ನಿಗೆ ಯಾವುದು ಎಂದು ಹೇಳುವುದಿಲ್ಲ. 1961ರ ರಾಮಾವತಾರ್ ಪ್ರಕರಣ ನೋಡಿ. ಮಾರಾಟ ತೆರಿಗೆಯಲ್ಲಿ ತರಕಾರಿಗೆ ವಿನಾಯಿತಿ ಇತ್ತು, ವೀಳ್ಯದೆಲೆ ವ್ಯಾಪಾರಿ ನನ್ನದೂ ತರಕಾರಿ ಎಂದು ವಾದಿಸಿದ. ಸಸ್ಯಶಾಸ್ತ್ರದ ಅರ್ಥ ಬೇಡ, ದಿನಬಳಕೆಯಲ್ಲಿ ಜನ ಯಾವುದನ್ನು ತರಕಾರಿ ಅನ್ನುತ್ತಾರೆ ಎಂದು ನೋಡಿ, ಅವನು ಸೋತ.

ದೊಡ್ಡಮಗಳು: ಮೇಡಂ, ಅಮ್ಮನನ್ನು ಕೇಳಿದೆ. ದಾನಪತ್ರ ನೋಂದಣಿಯಾದ ದಿನವೇ ತಮ್ಮ ಒಂದು ಹಾಳೆಯಲ್ಲಿ ಕೈಯಾರೆ ಬರೆದುಕೊಟ್ಟಿದ್ದನಂತೆ. ‘ಅಮ್ಮನ ಊಟ, ಔಷಧಿ, ವಾಸ ಎಲ್ಲ ಕೊನೆಯವರೆಗೂ ನನ್ನ ಜವಾಬ್ದಾರಿ, ಈ ಮಾತಿನ ಮೇಲೆ ಮನೆ ಪಡೆದಿದ್ದೇನೆ’ ಅಂತ ಇದೆ, ಸಹಿ ಇದೆ. ಛಾಪಾ ಕಾಗದ ಅಲ್ಲ, ಬರೀ ಹಾಳೆ. ಸಾಕ್ಷಿ ಸಹಿ ಒಂದೇ, ಚಿಕ್ಕಪ್ಪನದು. ಪರಿಚಯದವರು ಇದು ರಿಜಿಸ್ಟರ್ ಆಗಿಲ್ಲ, ಪ್ರಯೋಜನ ಇಲ್ಲ ಅಂದಿದ್ದಕ್ಕೆ ಅಮ್ಮ ಇದನ್ನು ಹೇಳಿಯೇ ಇರಲಿಲ್ಲ. ತಮ್ಮನ ಹೆಂಡತಿ ಅದೇ ಮನೆಯಲ್ಲಿದ್ದಾರೆ, ಅವರಿಬ್ಬರಿಗೂ ಜಗಳ ಇದೆ, ಎರಡು ಮಕ್ಕಳು. ಹಾಳೆಯ ಫೋಟೋ ಹಾಕಲೇ?

ವಕೀಲರು: ಬೇಡ! ಫೋಟೋ ಇಲ್ಲಿ ಹಾಕಬೇಡಿ, ಯಾರಿಗೂ ಕಳಿಸಬೇಡಿ. ನಿಮ್ಮ ತಮ್ಮನಿಗೆ ಅದರ ನೆನಪಿದೆಯೋ ಇಲ್ಲವೋ ನಿಮಗೆ ಗೊತ್ತಿಲ್ಲ.

ಕಟ್ಟು ಕಟ್ಟು ಭಾಷಣಕ್ಕಿಂತ ಆ ಒಂದು ಹಾಳೆ ಹೆಚ್ಚು. ಈಗ ನಿಮ್ಮ ಪ್ರಕರಣ ಎರಡು ತೀರ್ಪುಗಳ ನಡುವೆ ಬಂದು ನಿಂತಿದೆ. ದಾನಪತ್ರದಲ್ಲಿ ಷರತ್ತಿಲ್ಲ, ಅದೇ ದಿನದ ಬೇರೆ ಕಾಗದದಲ್ಲಿ ಇದೆ. 23ನೇ ಸೆಕ್ಷನ್ ‘ಷರತ್ತಿಗೆ ಒಳಪಟ್ಟು’ ಎನ್ನುತ್ತದೆ, ಆ ಷರತ್ತು ದಾನಪತ್ರದ ಒಳಗೇ ಬರೆದಿರಬೇಕು ಎಂದು ಬಾಯಿಬಿಟ್ಟು ಹೇಳುವುದಿಲ್ಲ. ಎರಡು ರೀತಿಯಲ್ಲಿ ಓದಲು ಜಾಗ ಇರುವುದು ಇಲ್ಲಿ. ಉದ್ದೇಶಗಳ ಹೇಳಿಕೆಗೆ ಕೆಲಸ ಬರುವುದೂ ಇಲ್ಲೇ. ವಯಸ್ಸಾದವರಿಗೆ ಸರಳ ಪರಿಹಾರ ಕೊಡಲು ಬಂದ ಕಾಯ್ದೆಯನ್ನು ದಸ್ತಾವೇಜು ಬರೆಯುವವನ ಜಾಣತನಕ್ಕೆ ಒಪ್ಪಿಸುವ ಹಾಗೆ ಓದಬಾರದು ಎಂದು ವಾದಿಸಬಹುದು. ಮೊದಲು ನೀವು ಕೇಳಿದಾಗ ಆ ಪ್ರಿಂಟಿಗೆ ನಿಲ್ಲಲು ನೆಲ ಇರಲಿಲ್ಲ, ಈಗ ಇದೆ. ಗೆಲ್ಲುತ್ತೀರಿ ಎಂದು ಹೇಳುತ್ತಿಲ್ಲ. ಸಹಿ ನನ್ನದಲ್ಲ ಎಂದು ತಮ್ಮ ಹೇಳಬಹುದು, ಆಗ ಚಿಕ್ಕಪ್ಪನ ಮಾತು ಮುಖ್ಯವಾಗುತ್ತದೆ. ಆ ಹಾಳೆಯ ಮೂಲ ಎಲ್ಲಿದೆ, ಇಷ್ಟು ದಿನ ಯಾರ ಬಳಿ ಇತ್ತು ಎಂಬುದನ್ನೂ ಬರೆದಿಟ್ಟುಕೊಳ್ಳಿ.

ಇನ್ನು ತಮ್ಮನ ಹೆಂಡತಿ. ನಮ್ಮ ರಾಜ್ಯದಿಂದಲೇ ಹೋದ ಎಸ್. ವನಿತಾ ಪ್ರಕರಣದಲ್ಲಿ, 2020ರ ಡಿಸೆಂಬರ್, ಸುಪ್ರೀಂ ಕೋರ್ಟು ಎರಡು ಕಾಯ್ದೆಗಳನ್ನು ಎದುರುಬದುರು ಇಟ್ಟು ಓದಿತು. ಹಿರಿಯ ನಾಗರಿಕರ ಕಾಯ್ದೆ ಬೇರೆ ಕಾನೂನುಗಳ ಮೇಲೆ ನಿಲ್ಲುತ್ತದೆ ಎಂದು ಅದರಲ್ಲೇ ಬರೆದಿದೆ. ಹಾಗಂತ 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆ ಸೊಸೆಗೆ ಕೊಟ್ಟ ವಾಸದ ಹಕ್ಕನ್ನು ಅದು ಅಳಿಸಿಹಾಕುವುದಿಲ್ಲ ಎಂದು ತೀರ್ಪಾಯಿತು. ಎರಡರ ಉದ್ದೇಶವನ್ನೂ ನೋಡಿಯೇ ಹೊಂದಿಸಿದ್ದು. ಆ ಹೆಣ್ಣುಮಗಳು ಹೊರಹಾಕುವಿಕೆಯನ್ನು ವಿರೋಧಿಸಿದರೆ ಅವರ ಮಾತಿಗೂ ಬಲ ಇದೆ. ಅರ್ಜಿ ಬರೆಯುವಾಗಲೇ ಇದನ್ನು ಯೋಚಿಸಬೇಕು, ಅವರನ್ನು ಶತ್ರು ಮಾಡಿಕೊಳ್ಳದೆ ಇದ್ದರೆ ಇನ್ನೂ ಒಳ್ಳೆಯದು.

ಕರಿಕೋಟು ಕನಸು: ಮೇಡಂ, ಅದೇ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ ಟ್ರಿಬ್ಯುನಲ್ ಮುಂದೆ ವಕೀಲರು ಪಕ್ಷಗಾರರ ಪರ ನಿಲ್ಲುವಂತಿಲ್ಲ ಅಲ್ಲವೇ? ಅಂದರೆ ಪರಿಚಯದವರು ‘ವಕೀಲರೇ ಬೇಡ’ ಅಂದದ್ದು...

ವಕೀಲರು: ನಿಲ್ಲುವುದರ ಬಗ್ಗೆ ಸೆಕ್ಷನ್ ಹಾಗೆ ಹೇಳುತ್ತದೆ. ಅರ್ಜಿಯನ್ನು ತಿಳಿದವರಿಗೆ ತೋರಿಸಬಾರದು ಎಂದು ಯಾವ ಸೆಕ್ಷನ್ನೂ ಹೇಳಿಲ್ಲ. ಸುದೇಶ್ ಛಿಕಾರಾ ಸೋತದ್ದು ಅರ್ಜಿಯಲ್ಲಿ ಬರೆಯದೆ ಬಿಟ್ಟದ್ದರಿಂದಲೂ ಹೌದು.

ತೆರಿಗೆ ಸಲಹೆಗಾರ: ಸುದೇಶ್ ಛಿಕಾರಾ ಸೋತದ್ದಲ್ಲ ಮೇಡಂ, ಗೆದ್ದದ್ದು. ಮೇಲ್ಮನವಿ ಹಾಕಿದ್ದು ಅವರೇ.

ವಕೀಲರು: ಸರಿ, ಆ ಪ್ರಕರಣದಲ್ಲಿ ಹಿರಿಯರು ಸೋತದ್ದು. ನಿಮ್ಮ ಕಣ್ಣಿಗೆ ಧನ್ಯವಾದ.

ಜನಸಾಮಾನ್ಯ: ನನ್ನ ಮೊಬೈಲಿನ ಎಐ ಆ್ಯಪ್ ಕೇಳಿದೆ. ‘ಸಚಿವರ ಭಾಷಣ ಕಡ್ಡಾಯವಾಗಿ ಪಾಲಿಸಬೇಕು’ ಅಂತ 2019ರ ಒಂದು ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿದೆ. ಸ್ಕ್ರೀನ್‌ಶಾಟ್ ನೋಡಿ.

ವಕೀಲರು: ಆ ಹೆಸರಿನಲ್ಲೂ ಹುಡುಕಿದೆ, ಅದು ಕೊಟ್ಟ ಸಂಖ್ಯೆಯಲ್ಲೂ ಹುಡುಕಿದೆ. ಆ ಸಂಖ್ಯೆಯಲ್ಲಿರುವುದು ಬೇರೆ ಯಾವುದೋ ಪ್ರಕರಣ. ಇಂಥದ್ದನ್ನು ಅರ್ಜಿಯಲ್ಲಿ ಹಾಕಿ ಕೊಟ್ಟರೆ ಅರ್ಜಿಯ ಉಳಿದ ನಿಜವನ್ನೂ ಯಾರೂ ನಂಬುವುದಿಲ್ಲ. ಮೂರನೇ ಸಲ ಇದೇ ಪ್ರಶ್ನೆ ಕೇಳುತ್ತಿದ್ದೀರಿ, ನಾಲ್ಕನೆಯದಕ್ಕೆ ಉತ್ತರ ಇಲ್ಲ.

ಕುತೂಹಲಿ: ಕಾನೂನು ಆಯೋಗದ ವರದಿ, ಸಂಸದೀಯ ಸಮಿತಿಯ ವರದಿ ಇವುಗಳ ಗತಿ ಏನು? ಅವು ತಜ್ಞರು ಬರೆದವು ತಾನೇ?

ವಕೀಲರು: ಭಾಷಣಕ್ಕಿಂತ ಇವುಗಳ ಸ್ಥಾನ ಗಟ್ಟಿ. 1984ರ ಆರ್.ಎಸ್. ನಾಯಕ್ ಮತ್ತು ಎ.ಆರ್. ಅಂತುಳೆ ಪ್ರಕರಣದಲ್ಲಿ, ಕಾಯ್ದೆಗೆ ಮುಂಚಿನ ಸಮಿತಿ ವರದಿಗಳನ್ನು ನೋಡಬಾರದೆಂಬ ಹಳೆಯ ನಿಯಮ ನಂದಿಹೋಗುತ್ತಿದೆ ಎಂದರು. 2018ರ ಕಲ್ಪನಾ ಮೆಹ್ತಾ ಪ್ರಕರಣದಲ್ಲಿ ಸಂವಿಧಾನ ಪೀಠ ಸಂಸತ್ತಿನ ಸ್ಥಾಯಿ ಸಮಿತಿಯ ವರದಿಗಳನ್ನು ಕೋರ್ಟು ಗಮನಕ್ಕೆ ತೆಗೆದುಕೊಳ್ಳಬಹುದು, ಆದರೆ ಅಲ್ಲಿ ಅವುಗಳನ್ನು ಪ್ರಶ್ನಿಸುವ ಹಾಗಿಲ್ಲ ಎಂದಿತು.

ಆದರೂ ಕೈ ಸುಟ್ಟ ಉದಾಹರಣೆ ಇದೆ. 1988ರ ಬೇನಾಮಿ ಕಾಯ್ದೆ. 1989ರಲ್ಲಿ ಮಿಥಿಲೇಶ್ ಕುಮಾರಿ ಪ್ರಕರಣದಲ್ಲಿ ಇಬ್ಬರು ನ್ಯಾಯಮೂರ್ತಿಗಳು ಕಾನೂನು ಆಯೋಗದ ವರದಿಗಳ ನೆರವು ಪಡೆದು, ಅದರ 4ನೇ ಸೆಕ್ಷನ್ ಕಾಯ್ದೆಗೆ ಮುಂಚೆಯೇ ಹೂಡಿ ಇನ್ನೂ ಮುಗಿಯದ ದಾವೆಗಳಿಗೂ ತಗಲುತ್ತದೆ ಎಂದರು. 1995ರಲ್ಲಿ ರಾಜಗೋಪಾಲ ರೆಡ್ಡಿ ಪ್ರಕರಣದಲ್ಲಿ ಮೂವರ ಪೀಠ ಅದನ್ನು ತಳ್ಳಿಹಾಕಿತು. ಸೆಕ್ಷನ್ನಿನ ಮಾತಿನಲ್ಲಿ ಹಾಗೆ ಇಲ್ಲ. ನಡುವಿನ ಆರು ವರ್ಷ ಆ ತೀರ್ಪನ್ನು ನಂಬಿ ನಡೆದವರ ಪಾಡು ಯೋಚಿಸಿ.

ಸಮಿತಿ ಹೇಳಿದ್ದನ್ನು ಸಂಸತ್ತು ಒಪ್ಪದೆ ಹೋದರಂತೂ ವರದಿ ತಿರುಗಿ ನಿಮಗೇ ಹೊಡೆಯುತ್ತದೆ. ಐಪಿಸಿ ಜಾಗಕ್ಕೆ ಬಂದ ಭಾರತೀಯ ನ್ಯಾಯ ಸಂಹಿತೆಯ ಮಸೂದೆ ನೋಡಿದ ಸ್ಥಾಯಿ ಸಮಿತಿ, 2018ರಲ್ಲಿ ಕೋರ್ಟು ರದ್ದು ಮಾಡಿದ್ದ ವ್ಯಭಿಚಾರದ ಅಪರಾಧವನ್ನು ಗಂಡು ಹೆಣ್ಣು ಭೇದವಿಲ್ಲದೆ ಮತ್ತೆ ತನ್ನಿ ಎಂದಿತ್ತು. 2023ರ ಡಿಸೆಂಬರಿನಲ್ಲಿ ಪಾಸಾದ ಸಂಹಿತೆಯಲ್ಲಿ ಅದು ಇಲ್ಲ. ಆ ವರದಿ ಹಿಡಿದು ‘ಸಂಸತ್ತಿನ ಮನಸ್ಸು ಇದೇ’ ಎಂದು ವಾದಿಸಿದರೆ, ಕೇಳಿಯೂ ಸೇರಿಸಲಿಲ್ಲ ಎಂಬುದೇ ಉತ್ತರ.

ಹಸಿರು ಶಾಯಿ: ಹಾಗಾದರೆ ಸಂಹಿತೆಗೆ ಹಳೆಯ ಐಪಿಸಿ ತೀರ್ಪುಗಳು ನಡೆಯುತ್ತವೆಯೇ?

ವಕೀಲರು: ಪದ ಹಾಗೇ ಬಂದಿರುವ ಕಡೆ ನಡೆಯುತ್ತವೆ. ಪದ ಬದಲಾದ ಕಡೆ ಯಾಕೆ ಬದಲಾಯಿತು ಎಂದು ಕೇಳಬೇಕು.

ಕರಿಕೋಟು ಕನಸು: ಮೇಡಂ, ಇಂಗ್ಲೆಂಡಿನ ಪೆಪ್ಪರ್ ಮತ್ತು ಹಾರ್ಟ್ ಪ್ರಕರಣ ನಮ್ಮಲ್ಲಿ ಅನ್ವಯವಾಗುತ್ತದೆಯೇ?

ತೆರಿಗೆ ಸಲಹೆಗಾರ: ಮತ್ತೆ ಬಂತು ವಿಲಾಯತಿ.

ವಕೀಲರು: ವಿಲಾಯತಿಯಾದರೂ ತೆರಿಗೆ ಪ್ರಕರಣವೇ, ನಿಮಗೆ ರುಚಿಸಬೇಕು. ಶಾಲೆಯೊಂದರ ಶಿಕ್ಷಕರ ಮಕ್ಕಳಿಗೆ ಐದನೇ ಒಂದು ಭಾಗದ ಶುಲ್ಕ. ಈ ಸವಲತ್ತಿಗೆ ತೆರಿಗೆ ಹಾಕುವಾಗ ಶಾಲೆಗೆ ತಗಲುವ ಸರಾಸರಿ ಖರ್ಚು ಹಿಡಿಯಬೇಕೋ, ಆ ಮಗುವಿನಿಂದ ಆದ ಹೆಚ್ಚುವರಿ ಖರ್ಚು ಮಾತ್ರವೋ? 1976ರಲ್ಲಿ ಮಸೂದೆಯ ವೇಳೆ ಸಚಿವರು ಎರಡನೆಯದೇ ಎಂದಿದ್ದರು. 1992ರಲ್ಲಿ, ಆಗ ಅಲ್ಲಿನ ಅತ್ಯುನ್ನತ ಕೋರ್ಟಾಗಿದ್ದ ಹೌಸ್ ಆಫ್ ಲಾರ್ಡ್ಸ್, ಸದನದ ಮಾತು ನೋಡಬಾರದೆಂಬ ತನ್ನ ಹಳೆಯ ನಿಷೇಧ ಸಡಿಲಿಸಿ ಅದನ್ನು ನೋಡಿತು, ಮೂರು ಕಟ್ಟಳೆ ಹಾಕಿ: ಕಾಯ್ದೆಯ ಮಾತು ಅಸ್ಪಷ್ಟ ಇರಬೇಕು ಅಥವಾ ಅಸಂಬದ್ಧಕ್ಕೆ ಒಯ್ಯಬೇಕು, ಮಾತಾಡಿದವರು ಸಚಿವರೋ ಮಸೂದೆ ತಂದವರೋ ಆಗಿರಬೇಕು, ಆಡಿದ ಮಾತು ಸ್ಪಷ್ಟ ಇರಬೇಕು. ಪೀಠದಲ್ಲಿದ್ದ ಲಾರ್ಡ್ ಮಕೈ ಒಬ್ಬರು ಒಪ್ಪಲಿಲ್ಲ, ಇನ್ನು ಮೇಲೆ ಪ್ರತಿ ಪ್ರಕರಣದಲ್ಲೂ ವಕೀಲರು ಸದನದ ಕಡತ ಜಾಲಾಡಬೇಕಾದೀತು, ಖರ್ಚು ಯಾರು ಕೊಡುತ್ತಾರೆ ಎಂಬುದು ಅವರ ಆತಂಕ. ಆಸ್ಟ್ರೇಲಿಯಾ ಇದನ್ನೆಲ್ಲ ಕೋರ್ಟಿಗೆ ಬಿಡದೆ 1984ರಲ್ಲೇ ಕಾಯ್ದೆಯಲ್ಲಿ ಬರೆದುಕೊಂಡಿತು. ನಮ್ಮ ಕೋರ್ಟಿಗೆ ಇವು ಕಟ್ಟಳೆಯಲ್ಲ, ಮನವೊಲಿಸುವ ವಾದ ಮಾತ್ರ.

ಕುತೂಹಲಿ: ಅಂತರರಾಷ್ಟ್ರೀಯ ಒಪ್ಪಂದಗಳನ್ನೂ ಹೊರಗಿನ ನೆರವೆಂದು ಬಳಸಬಹುದೇ?

ಕರಿಕೋಟು ಕನಸು: 1997ರ ವಿಶಾಖಾ ತೀರ್ಪು ಓದಿ. ಮಹಿಳೆಯರ ವಿರುದ್ಧದ ತಾರತಮ್ಯ ನಿವಾರಣೆಯ ಒಪ್ಪಂದವನ್ನು ಬಳಸಿದ್ದಾರೆ.

ತೆರಿಗೆ ಸಲಹೆಗಾರ: ಅಲ್ಲಿ ಕಾಯ್ದೆಯೇ ಇರಲಿಲ್ಲ, ಇಲ್ಲದ ಕಾಯ್ದೆಗೆ ಯಾವ ಅರ್ಥ?

ಕರಿಕೋಟು ಕನಸು: ಸಂವಿಧಾನದ ವಿಧಿಗಳಿಗೆ ಅರ್ಥ ಹೇಳಿದ್ದು ಸರ್. ತೀರ್ಪು ಓದದೆ ಮಾತಾಡಬೇಡಿ.

ತೆರಿಗೆ ಸಲಹೆಗಾರ: ನನಗೆ ಓದಲು ಹೇಳುವಷ್ಟು ದೊಡ್ಡವನಾದೆಯಾ?

ನಿವೃತ್ತ ಮೇಷ್ಟ್ರು: ಅಡ್ಮಿನ್, ಇವರಿಗೆ ಒಂದು ಮಾತು ಹೇಳಿ. ಅಂದಹಾಗೆ ಮೇಡಂ, ಕನ್ನಡದಲ್ಲಿ ಪಾಸಾದ ರಾಜ್ಯದ ಕಾಯ್ದೆಗೂ ಅದರ ಇಂಗ್ಲಿಷ್ ಪಠ್ಯಕ್ಕೂ ವ್ಯತ್ಯಾಸ ಬಂದರೆ?

ಜನಸಾಮಾನ್ಯ: ಚೆಕ್ ಬೌನ್ಸ್ ಬಗ್ಗೆ ಕೇಳಬಹುದಾ?

ತೆರಿಗೆ ಸಲಹೆಗಾರ: ಇಲ್ಲಿ ಯಾರು ಏನು ಬೇಕಾದರೂ ಕೇಳಬಹುದು, ತಿಳಿದವರು ಮಾತಾಡಿದರೆ ಮಾತ್ರ ತಪ್ಪು. ನಾನು ಗ್ರೂಪಿನಿಂದ ಹೊರಡುತ್ತೇನೆ.

ಅಡ್ಮಿನ್: ಸಮಯ ಮೀರಿದೆ. ಕಮೆಂಟ್ ಮುಚ್ಚುತ್ತಿದ್ದೇನೆ. ಮೇಡಂ, ಕೊನೆಯದಾಗಿ ಏನಾದರೂ?

ವಕೀಲರು: ದೊಡ್ಡಮಗಳಿಗೆ ಮಾತ್ರ. ಮುಂದಿನ ವಾರದ ಅರ್ಜಿಯನ್ನು ನಿಲ್ಲಿಸಿ, ಬೇರೆ ಬರೆಸಿ. ಅರ್ಜಿದಾರರು ಅಮ್ಮನೇ ಆಗಿರಬೇಕು, ಅವರಿಗೆ ಓಡಾಡಲು ಆಗದಿದ್ದರೆ ನಿಮಗೆ ಅಧಿಕಾರ ಕೊಡಬಹುದು. ಷರತ್ತು ಇತ್ತು, ಯಾವ ದಿನ, ಯಾರ ಮುಂದೆ, ಯಾವ ಮಾತಿನಲ್ಲಿ ಎಂಬುದು ಮೊದಲ ಪುಟದಲ್ಲೇ ಬರಬೇಕು. ಜೀವನಾಂಶವನ್ನೂ ಅದರಲ್ಲೇ ಕೇಳಿ. ಹಾಳೆಯ ಮೂಲವನ್ನು ಯಾರ ಕೈಗೂ ಕೊಡಬೇಡಿ, ಪರಿಚಯದವರ ಕೈಗಂತೂ ಬೇಡ. ಸಿವಿಲ್ ಕೋರ್ಟಿನ ದಾರಿಗೆ ಮೂರು ವರ್ಷದ ಗಡುವು ಇದೆ. ಅದು ಯಾವ ದಿನದಿಂದ ಎಣಿಕೆ ಎಂದು ಹೇಳಲು ದಾನಪತ್ರ ನೋಡಬೇಕು, ಅದನ್ನು ತೆಗೆದುಕೊಂಡು ಯಾರಾದರೂ ವಕೀಲರ ಹತ್ತಿರ ಈ ವಾರವೇ ಹೋಗಿ. ಆ ಪ್ರಿಂಟ್‌ಗಳು ಫೈಲಿನ ಕೊನೆಯಲ್ಲಿರಲಿ.

ಅಡ್ಮಿನ್: ಕಮೆಂಟ್‌ಗಳನ್ನು ಮುಚ್ಚಲಾಗಿದೆ.